ಬಿಸಿಯಾದೊಡನೆ ಸೊರಗುವ ಎಂಜಿನ್ನು

ಬೆಳಿಗ್ಗೆ ಒಂದೇ ಎಳೆತಕ್ಕೆ ಹೊರಡುವುದು. ಅರಿಸಿನದ ನಾಲ್ಕಾರು ಸಾಲು ಸರಾಗವಾಗಿ ಮುಗಿಸುವುದು. ಅರ್ಧ ಗಂಟೆ ಕಳೆದು ಮೈ ಬಿಸಿಯಾಯಿತೆಂದರೆ ಕೆಮ್ಮಿ, ಕುಗ್ಗಿ, ನಿಂತೇಬಿಡುವುದು. ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುವುದು. ಕಳೆ ತೆಗೆಯುವ ಯಂತ್ರ, ಕೈ ಟಿಲ್ಲರುಗಳ ಪೆಟ್ರೋಲು ಎಂಜಿನ್ನಿಗೆ ಬರುವ ಈ ಕಾಯಿಲೆಯ ವಿಷಯವಾಗಿ ನಮ್ಮ ತಾಳವಾಡಿ ಸೀಮೆಯ ರೈತರು ಪದೇ ಪದೇ ಕೇಳುತ್ತಿರುವುದರಿಂದ, ನಾವು ಕಂಡುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಕಾಯಿಲೆಯ ದೊಡ್ಡ ತೊಡಕು ಯಾವುದೆಂದರೆ, ಅದು ಬಿಸಿಯಲ್ಲಿ ಮಾತ್ರ ಕಾಣಿಸಿಕೊಂಡು ತಣ್ಣಗಾದೊಡನೆ ಅಡಗಿಬಿಡುತ್ತದೆ. ಯಂತ್ರವನ್ನು ಗೂಡ್ಸ್ ಆಟೋಗೆ ಏರಿಸಿ ಚಾಮರಾಜನಗರಕ್ಕೋ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಒಯ್ದರೆ, ಅಂಗಡಿ ಮುಟ್ಟುವ ಹೊತ್ತಿಗೆ ಎಂಜಿನ್ನು ಆರಿರುತ್ತದೆ. ಮೆಕ್ಯಾನಿಕ್ಕು ಹಗ್ಗ ಎಳೆದ ಕೂಡಲೆ ಹೊರಡುತ್ತದೆ. ಕಾಣದ ರೋಗಕ್ಕೆ ಅವನಾದರೂ ಏನು ಮಾಡಿಯಾನು? ಅಂದಾಜಿನ ಮೇಲೆ ಕಾರ್ಬುರೇಟರು ಬದಲಾಯಿಸಿ ಕಳುಹಿಸುತ್ತಾನೆ. ನಮ್ಮ ನೆರೆಹೊಲದವರೊಬ್ಬರು ಹೀಗೆ ಎರಡು ಸಲ ಹೋಗಿ ಬಂದರು. ಮೂರನೆಯ ಸಲ ನಿಂತಾಗ ಹೊಲದಲ್ಲಿಯೇ ನೋಡಲಾಗಿ, ದೋಷವಿದ್ದದ್ದು ಟ್ಯಾಂಕಿನ ಮುಚ್ಚಳದಲ್ಲಿ! ಅಷ್ಟರಲ್ಲಿ ಕಳೆಯು ಅರಿಸಿನವನ್ನೇ ಮುಚ್ಚಿ, ಆಳು ಹಚ್ಚಿ ಕೀಳಿಸಬೇಕಾಯಿತು. ಆದುದರಿಂದ ಎಂಜಿನ್ನನ್ನು ಅದು ನಿಂತ ಸ್ಥಳದಲ್ಲಿಯೇ, ಆರುವ ಮುನ್ನ, ಮೊದಲ ಎರಡು ಮೂರು ನಿಮಿಷಗಳೊಳಗೆ ಯಜಮಾನನೇ ಪರೀಕ್ಷಿಸತಕ್ಕದ್ದು.

ಮೊದಲು ಮುಚ್ಚಳ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಸುರಿಯದೆಂದು ಮನೆಯ ಹೆಂಗಸರೆಲ್ಲರೂ ಬಲ್ಲರು; ಗಾಳಿ ಒಳಹೋಗಲು ಎರಡನೆಯ ತೂತು ಬೇಕು. ಪೆಟ್ರೋಲು ಟ್ಯಾಂಕಿನ ಮುಚ್ಚಳದಲ್ಲಿಯೂ ಅಂತಹ ಸಣ್ಣ ರಂಧ್ರವಿದೆ. ಅದಕ್ಕೆ ಧೂಳು ತುಂಬಿದರೆ ಪೆಟ್ರೋಲು ಕೆಳಗಿಳಿಯುತ್ತಾ ಬಂದಂತೆ ಒಳಗೆ ಗಾಳಿಯ ಸೆಳೆತ ಹುಟ್ಟಿ, ಕಡೆಗೆ ಹರಿವೇ ನಿಲ್ಲುತ್ತದೆ. ಎಂಜಿನ್ನು ಕುಗ್ಗಿ ನಿಂತೊಡನೆ ಮುಚ್ಚಳವನ್ನು ಸಡಿಲಿಸಿರಿ. ಉಸ್ಸೆಂದು ಗಾಳಿ ಒಳನುಗ್ಗಿ, ಅರ್ಧ ನಿಮಿಷದ ತರುವಾಯ ಎಂಜಿನ್ನು ಹೊರಟರೆ ಕಾರಣ ಸಿಕ್ಕಿತೆಂದೇ ತಿಳಿಯಬೇಕು. ಮುಚ್ಚಳವನ್ನು ತೊಳೆದು ರಂಧ್ರವನ್ನು ಬಿಡಿಸಿದರಾಯಿತು, ಕಾಸಿನ ಖರ್ಚಿಲ್ಲ.

ಅದಲ್ಲವಾದರೆ ಯಂತ್ರವನ್ನು ಮಟ್ಟಸವಾದ ನೆಲದಲ್ಲಿಟ್ಟು ಎಂಜಿನ್ ಎಣ್ಣೆಯ ಮಟ್ಟ ನೋಡಿ. ಎಣ್ಣೆ ಕಡಮೆಯಾದರೆ ಕಿಡಿಯನ್ನು ತಾನೇ ಕಡಿದು ಎಂಜಿನ್ನು ನಿಲ್ಲಿಸುವ ಸಾಧನ ಕೆಲವು ಎಂಜಿನ್ನುಗಳಲ್ಲಿ ಉಂಟು. ಇಳಿಜಾರಿನ ಹೊಲದಲ್ಲಿ ಓರೆಯಾಗಿ ಓಡಿಸುವಾಗ ಎಣ್ಣೆ ಒಂದು ಪಕ್ಕಕ್ಕೆ ಸರಿದರೂ ಅದು ಮೋಸಹೋಗಿ ನಿಲ್ಲಿಸುತ್ತದೆ.

ಇನ್ನು ಮುಖ್ಯ ಪರೀಕ್ಷೆ. ಒಳ್ಳೆಯ ಸ್ಥಿತಿಯ ಒಂದು ಹೆಚ್ಚಿನ ಸ್ಪಾರ್ಕ್ ಪ್ಲಗ್ಗನ್ನು ಸದಾ ಜೊತೆಯಲ್ಲಿರಿಸಿಕೊಳ್ಳಿ. ಎಂಜಿನ್ನಿನಲ್ಲಿರುವ ಪ್ಲಗ್ಗನ್ನು ಬಿಚ್ಚಬೇಡಿ. ಕಾದ ಅಲ್ಯುಮಿನಿಯಮ್ಮಿನಲ್ಲಿ ಮರೆ ಕೆಡುವ ಭಯವಿದೆ, ಅಲ್ಲದೆ ಆ ತೂತಿನಿಂದ ಪೆಟ್ರೋಲಿನ ಆವಿ ಹೊರಬಂದು ಕಿಡಿ ತಗುಲಬಹುದು. ಟ್ಯಾಂಕಿನ ಮುಚ್ಚಳವನ್ನು ಭದ್ರಪಡಿಸಿ, ತಂತಿಯ ಟೋಪಿಯನ್ನು ಮಾತ್ರ ಕಿತ್ತು, ಹೆಚ್ಚಿನ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ ಹಿಡಿದು, ಇನ್ನೊಬ್ಬರಿಂದ ಹಗ್ಗ ಎಳೆಸಿರಿ. ರಬ್ಬರಿನ ಟೋಪಿಯನ್ನಲ್ಲದೆ ಲೋಹವನ್ನು ಮುಟ್ಟಕೂಡದು. ಈ ಒಂದು ಎಳೆತದಿಂದ ಎರಡು ಸಂಗತಿ ತಿಳಿಯುತ್ತವೆ: ಕಿಡಿ ಇದೆಯೇ, ಮತ್ತು ಹಗ್ಗ ಎಂದಿನಂತೆ ಬಿಗಿಯಾಗಿದೆಯೇ. ಬೆಳಗಿನ ತಣ್ಣನೆಯ ಎಳೆತದ ಬಿಗಿಯನ್ನು ಕೈ ನೆನಪಿಟ್ಟಿರಬೇಕು, ಅಷ್ಟೆ.

ಕಿಡಿ ಇಲ್ಲದಿದ್ದು, ಆರಿದ ಮೇಲೆ ಮತ್ತೆ ನೀಲಿ ಕಿಡಿ ಬಂದರೆ ಇಗ್ನಿಷನ್ ಕಾಯಿಲಿನ ಮೇಲೆ ಅನುಮಾನಪಡಬೇಕು. ಕಾಯಿಲಿನೊಳಗಿನ ತಂತಿ ಎಲ್ಲಿಯೋ ಬಿರುಕು ಬಿಟ್ಟಿದ್ದು, ಶಾಖಕ್ಕೆ ಹಿಗ್ಗಿ ಅಗಲುತ್ತದೆ, ಆರಿದಾಗ ಕೂಡುತ್ತದೆ. ಇದಕ್ಕೆ ರಿಪೇರಿ ಇಲ್ಲ. ಹೊಸ ಕಾಯಿಲೇ ಹಾಕಬೇಕು. ಅದಕ್ಕೆ ಮುನ್ನ, ನಿಲ್ಲಿಸುವ ಸ್ವಿಚ್ಚಿನ ಮತ್ತು ಎಣ್ಣೆ ಸಾಧನದ ತಂತಿಗಳು ಸವೆದು ಮೈಗೆ ತಗುಲುತ್ತಿಲ್ಲವೆಂಬುದನ್ನು ನೋಡಿಕೊಳ್ಳಿ. ಎಷ್ಟೋ ಒಳ್ಳೆಯ ಕಾಯಿಲುಗಳು ಈ ತಂತಿಗಳ ತಪ್ಪಿಗೆ ಗುಜರಿಗೆ ಹೋಗಿವೆ.

ಕಿಡಿ ಇದೆ, ಹಗ್ಗ ಮಾತ್ರ ಸಡಿಲವಾಗಿ ಬರುತ್ತದೆ ಎಂದಾದರೆ ವಾಲ್ವುಗಳನ್ನು ನೋಡಿಸಬೇಕು. ಕಮ್ಮಾರನು ಬಂಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವುದನ್ನು ಕಂಡ ಹಿರಿಯರಿಗೆ, ಕಬ್ಬಿಣ ಕಾದರೆ ಹಿಗ್ಗುವುದೆಂದು ಹೇಳಿಕೊಡಬೇಕಾಗಿಲ್ಲ. ವಾಲ್ವಿನ ಕಡ್ಡಿಯೂ ಹಾಗೆಯೇ ಉದ್ದವಾಗುತ್ತದೆ. ಅದಕ್ಕಾಗಿಯೇ ಕಡ್ಡಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಹೋಂಡಾ ಜಿಎಕ್ಸ್ 160, ಜಿಎಕ್ಸ್ 200 ಎಂಜಿನ್ನುಗಳಲ್ಲಿ ಇದು ಒಳಸೇರುವ ವಾಲ್ವಿಗೆ 0.15 ಮಿಲಿಮೀಟರು, ಹೊಗೆಯ ವಾಲ್ವಿಗೆ 0.20 ಮಿಲಿಮೀಟರು. ವಾಲ್ವು ಕೂರುವ ಸ್ಥಳ ಸವೆದಂತೆ ಈ ಸಂದು ಕಿರಿದಾಗುತ್ತಾ ಬಂದು, ಬಿಸಿಯಲ್ಲಿ ಇಲ್ಲವೇ ಇಲ್ಲದಂತಾಗುತ್ತದೆ. ಆಗ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರಿಹೋಗುತ್ತದೆ. ಹಾಗೆಯೇ ಓಡಿಸುತ್ತಿದ್ದರೆ ವಾಲ್ವಿನ ಅಂಚೇ ಸುಟ್ಟು, ಅಲ್ಪ ಕೆಲಸ ದೊಡ್ಡ ಖರ್ಚಾಗುತ್ತದೆ. ಸಂದನ್ನು ಅಳೆದು ಸರಿಪಡಿಸುವುದು ಎಂಜಿನ್ನು ಪೂರ್ಣ ತಣ್ಣಗಿರುವಾಗ, ಪಿಸ್ಟನ್ನು ಒತ್ತಡದ ತುದಿಯಲ್ಲಿರುವಾಗ ಮಾತ್ರ. ಫೀಲರ್ ಗೇಜ್ ಬೇಕು, ಕಣ್ಣಳತೆ ಸಾಗದು.

ಕಿಡಿಯೂ ಬಿಗಿಯೂ ಸರಿಯಿದ್ದಲ್ಲಿ ಪೆಟ್ರೋಲಿನ ಕಡೆ ತಿರುಗಬೇಕು. ಸೊರಗುತ್ತಿರುವಾಗ ಚೋಕನ್ನು ಅರ್ಧ ಎಳೆದು ನೋಡಿ. ಚೇತರಿಸಿಕೊಂಡರೆ ಪೆಟ್ರೋಲು ಸಾಲುತ್ತಿಲ್ಲ, ಜೆಟ್ಟಿನಲ್ಲಿಯೋ ಜಾಲರಿಯಲ್ಲಿಯೋ ಕಸವಿದೆ. ಕಪ್ಪು ಹೊಗೆ ಬಂದು ಇನ್ನಷ್ಟು ಕುಗ್ಗಿದರೆ ಪೆಟ್ರೋಲು ಹೆಚ್ಚಾಗುತ್ತಿದೆ. ಗಾಳಿ ಶೋಧಕ ಕಟ್ಟಿದೆ, ಅಥವಾ ಚೋಕು ಪೂರ್ತಿ ತೆರೆಯುತ್ತಿಲ್ಲ. 2023ರಿಂದ ಬಂಕುಗಳಿಗೆ ನೂರಕ್ಕೆ 20 ಭಾಗ ಇಥನಾಲ್ ಬೆರೆತ ಪೆಟ್ರೋಲು ಬರತೊಡಗಿದೆ. ಇಥನಾಲು ತೇವವನ್ನು ಹೀರುವ ಗುಣವುಳ್ಳದ್ದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಕೂಡಿ ತಳಕ್ಕಿಳಿಯುತ್ತದೆ, ಹಳೆಯ ರಬ್ಬರ್ ಕೊಳವೆಯೂ ಮೆತ್ತಗಾಗುತ್ತದೆ. ಕಾರ್ಬುರೇಟರಿನ ತಳದ ತಿರುಪು ಬಿಚ್ಚಿ ಗಾಜಿನ ಸೀಸೆಗೆ ಹಿಡಿದರೆ ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ಈ ಒಂದು ಪರೀಕ್ಷೆಯನ್ನು ಮಾತ್ರ ಎಂಜಿನ್ನು ಆರಿದ ಮೇಲೆಯೇ ಮಾಡಿ. ಕಾದ ಸೈಲೆನ್ಸರಿನ ಮೇಲೆ ಪೆಟ್ರೋಲು ಬೀಳುವುದು ಬೆಂಕಿಗೆ ಆಹ್ವಾನ.

ಗಾಳಿಯಿಂದ ತಣಿಯುವ ಈ ಎಂಜಿನ್ನಿನ ರೆಕ್ಕೆಗಳ ನಡುವೆ ಒಣಹುಲ್ಲು, ಮಣ್ಣು ಸೇರಿದ್ದರೆ ಯಾವ ದೋಷವಾದರೂ ಬೇಗ ಮೇಲೇಳುತ್ತದೆ. ಫ್ಯಾನಿನ ಮುಸುಕನ್ನು ಬಿಚ್ಚಿ ಬ್ರಷ್ಷಿನಿಂದ ಉಜ್ಜುವುದು ಕಾಲು ಗಂಟೆಯ ಕೆಲಸ.

ಅಂಗಡಿಗೆ ಒಯ್ಯಲೇಬೇಕಾದಲ್ಲಿ, ಎಷ್ಟು ಹೊತ್ತಿಗೆ ನಿಂತಿತು, ಮುಚ್ಚಳ ಸಡಿಲಿಸಿದಾಗ ಏನಾಯಿತು, ಬಿಸಿಯಲ್ಲಿ ಕಿಡಿ ಇತ್ತೇ, ಹಗ್ಗ ಬಿಗಿಯಿತ್ತೇ ಎಂಬ ನಾಲ್ಕನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕಿನ ಕೈಗೆ ಕೊಡಿ. ಸತ್ಯಮಂಗಲಕ್ಕೆ ಹೋಗುವವರು ತಮಿಳಿನಲ್ಲಿ ಬರೆಸಿಕೊಂಡು ಹೋಗುವುದು ಮೇಲು. ಶಾಲೆಗೆ ಹೋಗುವ ಮಗುವೊಂದು ಮನೆಯಲ್ಲಿದ್ದರೆ ಅದೇ ಬರೆದುಕೊಟ್ಟೀತು.