ದೇಹಹಾನಿ ಪರಿಹಾರದ ದಾವೆ: ಕಾಲಮಿತಿಯ ಲೆಕ್ಕ

ಅಂಗಡಿಯ ನಾಮಫಲಕ ಕಳಚಿ ದಾರಿಹೋಕರ ಮೇಲೆ ಬೀಳುವುದು, ಸರಕಿನ ವಾಹನ ಅಪಘಾತಕ್ಕೀಡಾಗುವುದು, ಮಾರಾಟವಾದ ಉಪಕರಣ ಸಿಡಿದು ಗ್ರಾಹಕರು ಗಾಯಗೊಳ್ಳುವುದು ವ್ಯಾಪಾರೋದ್ಯಮಗಳಲ್ಲಿ ಸಂಭವಿಸಬಹುದಾದ ಸಂಗತಿಗಳು. ಇಂತಹ ಹಾನಿಗೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದ್ದರೂ ಅದಕ್ಕೆ ಕಾಲದ ಎಲ್ಲೆಯಿದೆ. ಆ ಎಲ್ಲೆ ಎಲ್ಲ ಪ್ರಕರಣಗಳಿಗೂ ಒಂದೇ ಅಲ್ಲ. ಹಾನಿಗೊಳಗಾದವರಷ್ಟೇ ಅಲ್ಲದೆ, ಪರಿಹಾರ ನೀಡಬೇಕಾಗಿ ಬರಬಹುದಾದ ವರ್ತಕರೂ ಇದನ್ನು ಅರಿತಿರುವುದು ಅಗತ್ಯ.

ಸಿವಿಲ್ ದಾವೆ

ನಿರ್ಲಕ್ಷ್ಯದಿಂದಾದ ದೇಹಹಾನಿಗೆ 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ಪ್ರತ್ಯೇಕ ಅವಧಿ ಹೇಳಿಲ್ಲ. ಆದ್ದರಿಂದ ಅನುಚ್ಛೇದ 113ರ ಪ್ರಕಾರ, ದಾವೆ ಹೂಡುವ ಹಕ್ಕು ಉಂಟಾದಂದಿನಿಂದ 3 ವರ್ಷಗಳ ಅವಧಿ ಅನ್ವಯಿಸುತ್ತದೆ. ಮರಣ ಸಂಭವಿಸಿ, 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಅವಲಂಬಿತರ ಪರವಾಗಿ ದಾವೆ ಹೂಡುವುದಾದರೆ, ಮರಣದ ದಿನದಿಂದ 2 ವರ್ಷ ಮಾತ್ರ.

ಘಟನೆಯ ದಿನವನ್ನು ಎಣಿಕೆಯಿಂದ ಬಿಡಲಾಗುತ್ತದೆ. 2024ರ ಜೂನ್ 10ರಂದು ಗಾಯಗೊಂಡವರು 2027ರ ಜೂನ್ 10ರೊಳಗೆ ದಾವೆ ಹೂಡಬೇಕು. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ, ಮತ್ತೆ ತೆರೆಯುವ ದಿನ ಸಲ್ಲಿಸಬಹುದು.

ಅವಧಿ ಮೀರಿದ ದಾವೆಯನ್ನು ಪ್ರತಿವಾದಿ ಆಕ್ಷೇಪಿಸದಿದ್ದರೂ ನ್ಯಾಯಾಲಯ ವಜಾಗೊಳಿಸಲೇಬೇಕೆಂದು ಕಲಂ 3 ವಿಧಿಸುತ್ತದೆ. ಕಲಂ 5ರ ವಿಳಂಬ ಮನ್ನಾ ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ, ದಾವೆಗೆ ಇಲ್ಲ. ವಕೀಲರ ಮೂಲಕ ನೋಟಿಸು ಕೊಟ್ಟ ಮಾತ್ರಕ್ಕೆ, ಅಥವಾ ರಾಜಿ ಮಾತುಕತೆ ನಡೆದಿದೆಯೆಂಬ ಕಾರಣಕ್ಕೆ, ಕಾಲದ ಓಟ ನಿಲ್ಲುವುದಿಲ್ಲ. ಹಲವರು ಹಕ್ಕು ಕಳೆದುಕೊಳ್ಳುವುದು ಈ ತಪ್ಪು ತಿಳಿವಳಿಕೆಯಿಂದಲೇ.

ಗಾಯಗೊಂಡವರು ಅಪ್ರಾಪ್ತ ವಯಸ್ಕರಾಗಿದ್ದರೆ, 18 ವರ್ಷ ತುಂಬಿದ ಮೇಲೆ 3 ವರ್ಷಗಳವರೆಗೆ ದಾವೆ ಹೂಡಲು ಅವಕಾಶವಿದೆ. 10 ವರ್ಷದ ಮಗುವಿಗಾದ ಗಾಯದ ಬಗ್ಗೆ 11 ವರ್ಷಗಳ ಬಳಿಕವೂ ದಾವೆ ಬರಬಹುದು.

ವಾಹನ ಅಪಘಾತ

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು 6 ತಿಂಗಳ ಮಿತಿಯಿತ್ತು. 1994ರಲ್ಲಿ ಅದನ್ನು ತೆಗೆದುಹಾಕಲಾಯಿತು. 2019ರ ತಿದ್ದುಪಡಿಯು ಕಲಂ 166(3)ರಲ್ಲಿ ಅದನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಇದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿ, ಕಾಲ ಮೀರಿದೆಯೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು ನ್ಯಾಯಾಧಿಕರಣಗಳಿಗೆ ಸೂಚಿಸಿತು. ಮಧ್ಯಂತರ ಆದೇಶವನ್ನು ನೆಚ್ಚಿ ಕಾಯುವುದಕ್ಕಿಂತ 6 ತಿಂಗಳೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮಕರ.

ದೋಷಯುಕ್ತ ಸರಕು

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವನ್ನು ಒಳಗೊಂಡಿದೆ. ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ವ್ಯಾಜ್ಯ ಕಾರಣ ಉಂಟಾದಂದಿನಿಂದ 2 ವರ್ಷಗಳ ಅವಧಿಯಿದೆ. ಇಲ್ಲಿ ಸಕಾರಣವಿದ್ದರೆ ಆಯೋಗವು ಕಾರಣಗಳನ್ನು ದಾಖಲಿಸಿ ವಿಳಂಬವನ್ನು ಮನ್ನಿಸಬಹುದು. ಅವಧಿಯು ಮಾರಾಟದ ದಿನದಿಂದಲೇ ಆರಂಭವಾಗುವುದೆಂದು ವರ್ತಕರು ಭಾವಿಸಬಾರದು. ಗಾಯವೇ ವ್ಯಾಜ್ಯ ಕಾರಣವಾದಾಗ ಗಾಯವಾದ ದಿನ ಮುಖ್ಯ.

ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ಅಥವಾ ಅವರಿಗೆ ನೋಟಿಸು ಜಾರಿ ಮಾಡಲಾಗದಿದ್ದಲ್ಲಿ ಮಾರಾಟಗಾರರೇ ಹೊಣೆಯಾಗಬಹುದು. ಆದ್ದರಿಂದ ಖರೀದಿ ಬಿಲ್ಲಿಲ್ಲದೆ ಸರಕು ತಂದು ಮಾರುವುದು ತೆರಿಗೆಯ ದೃಷ್ಟಿಯಿಂದ ಮಾತ್ರವಲ್ಲ, ಈ ದೃಷ್ಟಿಯಿಂದಲೂ ಅಪಾಯಕಾರಿ.

ಪಾಲಿಸಬೇಕಾದ ಕ್ರಮ

ಅಪಘಾತವಾದ ಕೂಡಲೇ ದಿನಾಂಕ, ವೇಳೆ, ಸಾಕ್ಷಿಗಳ ಹೆಸರುಗಳನ್ನು ಬರೆದಿಟ್ಟು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಖರೀದಿ ಬಿಲ್ಲು, ಬ್ಯಾಚ್ ಸಂಖ್ಯೆ, ಪರೀಕ್ಷಾ ವರದಿ, ವಿಮಾ ಪಾಲಿಸಿಗಳನ್ನು 3 ವರ್ಷಕ್ಕೆ ವಿಲೇವಾರಿ ಮಾಡದೆ, ಮಕ್ಕಳು ಬಳಸುವ ಸರಕಾದರೆ ಇನ್ನೂ ದೀರ್ಘಕಾಲ ಕಾಪಾಡಬೇಕು.

ನೌಕರರಿಗೆ ಕೆಲಸದ ವೇಳೆಯಾಗುವ ಅಪಘಾತಗಳಿಗೆ ಬೇರೆಯೇ ಕಾನೂನಿದೆ. 1923ರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿರುವುದರಿಂದ, ಅಂತಹ ಪ್ರಕರಣಗಳಲ್ಲಿ ಹಳೆಯ ಕೈಪಿಡಿಗಳನ್ನು ನಂಬದೆ ವಕೀಲರ ಸಲಹೆ ಪಡೆಯುವುದು ಉಚಿತ.