ಪಕ್ಕದವನ ಉಸಿರು

ಗಂಡಸರೆಲ್ಲ ಸೇರಿ ಹಾಡುವುದು ಎಂದರೆ ನನಗೆ ಗೊತ್ತಿದ್ದದ್ದು ನಮ್ಮೂರ ಹನುಮಪ್ಪನ ಗುಡಿಯ ಶನಿವಾರದ ಭಜನೆ ಮಾತ್ರ. ಧಾರವಾಡ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಒಂದು ಹಾರ್ಮೋನಿಯಂ ಪೆಟ್ಟಿಗೆ, ತಬಲಾ, ದಮ್ಮಡಿ, ನಾಲ್ಕು ಜೋಡಿ ತಾಳ. ಒಬ್ಬರು ಪದ ಎತ್ತಿಕೊಡುವುದು, ಉಳಿದವರು ಹಿಂದೆ ಹಿಡಿಯುವುದು. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಕೂತವರ ದನಿ ಹೇಗಿದ್ದರೂ ನಡೆಯುತ್ತಿತ್ತು. ತಪ್ಪಿದರೆ ಹನುಮಪ್ಪ ಸಿಟ್ಟಾಗುತ್ತಿರಲಿಲ್ಲ, ತಬಲಾದವನು ಮಾತ್ರ ಕಣ್ಣು ಬಿಡುತ್ತಿದ್ದ.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ 1974ರಲ್ಲಿ ಬ್ರಿಟನ್ನಿಗೆ ಬಂದೆ. ಕೆಲವು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ದಕ್ಷಿಣ ವೇಲ್ಸಿನ ಒಂದು ಕಲ್ಲಿದ್ದಲು ಕಣಿವೆಯಲ್ಲಿ ಕುಟುಂಬ ವೈದ್ಯನಾಗಿ ನೆಲೆನಿಂತೆ. ಅಲ್ಲಿಗೆ ಬರಲು ಆ ದೇಶದ ವೈದ್ಯರೇ ಹಿಂಜರಿಯುತ್ತಿದ್ದ ಕಾಲ. ಹಾಗಾಗಿ ನಮ್ಮಂಥವರಿಗೆ ಜಾಗ ಸಿಕ್ಕಿತು. ಎರಡು ಗುಡ್ಡಗಳ ನಡುವೆ ಒಂದು ಹೊಳೆ, ಒಂದು ರಸ್ತೆ, ಸಾಲು ಸಾಲು ಒಂದೇ ನಮೂನೆಯ ಮನೆಗಳು, ವರ್ಷದ ಮುಕ್ಕಾಲು ಪಾಲು ಮಳೆ. ಜೋನ್ಸ್, ಇವಾನ್ಸ್, ವಿಲಿಯಮ್ಸ್ ಎಂಬ ಮೂರು ನಾಲ್ಕು ಅಡ್ಡಹೆಸರುಗಳಲ್ಲೇ ಇಡೀ ಊರು ಮುಗಿದುಹೋಗುತ್ತದೆ. ಗುರುತು ಹತ್ತಲೆಂದು ಹಾಲಿನ ಇವಾನ್ಸ್, ರೊಟ್ಟಿಯ ಜೋನ್ಸ್ ಎಂದು ಕಸುಬು ಸೇರಿಸಿ ಕರೆಯುತ್ತಾರೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ನಾನು ಹಾಡಲು ಹೋದದ್ದು 1986ರಲ್ಲಿ, ಒಬ್ಬ ರೋಗಿಯ ದೆಸೆಯಿಂದ. ಗಂಟಲು ನೋಡಲು ಬಾಯಿ ತೆರೆಸಿ, 'ಆ ಅನ್ನಿ' ಎಂದು ನಾನೇ ಅಂದು ತೋರಿಸಿದೆ. ಆತ ಬಾಯಿ ಮುಚ್ಚಿ, "ಡಾಕ್ಟರೇ, ನಿಮ್ಮ 'ಆ' ಸ್ವರಕ್ಕೆ ಸರಿಯಾಗಿದೆಯಲ್ಲ! ಮಂಗಳವಾರ ಸಂಜೆ ಏಳಕ್ಕೆ ಬನ್ನಿ" ಎಂದ. ಮೂವತ್ತು ವರ್ಷ ಗಣಿಯೊಳಗೆ ದುಡಿದವನು, ಊರಿನ ಗಾಯನ ಮೇಳದಲ್ಲಿ ಹಾಡುತ್ತಿದ್ದ. ವೇಲ್ಸ್ ಭಾಷೆಯಲ್ಲಿ ಇಂಥ ಮೇಳಕ್ಕೆ 'ಕೋರ್ ಮೈಬಿಯೋನ್' ಎನ್ನುತ್ತಾರೆ. ಗಂಡುಮಕ್ಕಳ ಮೇಳ ಎಂದರ್ಥ.

ಈ ಮೇಳಗಳ ಬೇರು ಇರುವುದು ಗಣಿಯಲ್ಲಿ ಮತ್ತು ಚಾಪೆಲ್‌ನಲ್ಲಿ. 1920ರ ಸುಮಾರಿಗೆ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ವಾರವಿಡೀ ನೆಲದೊಳಗೆ ಹೆಗಲಿಗೆ ಹೆಗಲು ಕೊಟ್ಟವರು ಭಾನುವಾರ ಚಾಪೆಲ್‌ನಲ್ಲಿ ಒಟ್ಟಿಗೆ ಹಾಡುತ್ತಿದ್ದರು. ಅಲ್ಲಿ 'ಕಮಾನ್ವ ಗಾನಿ' ಎಂಬ ಸ್ತೋತ್ರ ಗಾಯನದ ಹಬ್ಬಗಳಿರುತ್ತವೆ. ಮೇಲಿನ ದನಿಯವರು ಒಂದು ಕಡೆ, ಕೆಳದನಿಯವರು ಇನ್ನೊಂದು ಕಡೆ ಕೂರುತ್ತಾರೆ. ಹಾಡುವವರೇ ಕೇಳುಗರು. ರೊಂದಾ ಕಣಿವೆಯ ಟ್ರಿಯೋರ್ಕಿ ಎಂಬ ಊರಿನ ಗಂಡಸರು 1895ರಲ್ಲೇ ವಿಂಡ್ಸರ್ ಅರಮನೆಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿ ಬಂದಿದ್ದರು.

ಇವರಲ್ಲಿ ಅನೇಕರಿಗೆ ಪಾಶ್ಚಾತ್ಯ ಸಂಗೀತದ ಐದು ಗೆರೆಯ ಲಿಪಿ ಓದಲು ಬರುತ್ತಿರಲಿಲ್ಲ. ಅವರ ಕೈ ಹಿಡಿದದ್ದು 'ಟಾನಿಕ್ ಸಾಲ್‌ಫಾ' ಪದ್ಧತಿ. ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ್ದನ್ನು ಪಾದ್ರಿ ಜಾನ್ ಕರ್ವೆನ್ 1840ರ ದಶಕದಿಂದ ತಿದ್ದಿ ಹರಡಿದರು. ಡೋ, ರೇ, ಮೀ ಎಂದು ಅಕ್ಷರಗಳಲ್ಲೇ ಹಾಡು ಬರೆಯುವ ಕ್ರಮವದು. 'ಡೋ' ಎಲ್ಲಿ ಬೇಕಾದರೂ ಕೂರಬಹುದು, ಉಳಿದ ಸ್ವರಗಳು ಅದಕ್ಕೆ ತಕ್ಕಂತೆ ಸಾಲುಗಟ್ಟುತ್ತವೆ. ನಮ್ಮ ಷಡ್ಜವೂ ಹಾಗೇ ಅಲ್ಲವೇ? ಮೇಳದ ಹಳಬರ ಕೈಯಲ್ಲಿದ್ದ ಸವೆದ ಹಾಳೆಗಳನ್ನು ನೋಡಿದಾಗ ನನಗೆ ಸರಿಗಮದ ಪುಸ್ತಕ ಕಂಡಷ್ಟೇ ಖುಷಿಯಾಯಿತು. ಪದಗಳನ್ನು ನಾನು ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಡಬಲ್ಯು ಎಂದರೆ 'ಉ', ಎಫ್ ಎಂದರೆ 'ವ', ಎರಡು ಡಿ ಕೂಡಿದರೆ ಮೆತ್ತನೆಯ 'ದ'. ನಿಯಮ ತಿಳಿದರೆ ಬರೆದಂತೆಯೇ ಓದುವ ಭಾಷೆ, ಇಂಗ್ಲಿಷಿನ ಕಾಟವಿಲ್ಲ. ಎರಡು ಎಲ್ ಕೂಡಿದಾಗ ಹೊರಡುವ ಸದ್ದು ಮಾತ್ರ ನಮ್ಮ 'ಳ'ಕಾರಕ್ಕೂ ನಿಲುಕದು. ನಾಲಿಗೆಯನ್ನು 'ಲ'ಕ್ಕೆ ಇಟ್ಟು ಪಕ್ಕದಿಂದ ಗಾಳಿ ಊದಬೇಕು. ಅದಕ್ಕೆ ನನ್ನ ಪುಸ್ತಕದಲ್ಲಿ ಒಂದು ಹಾವಿನ ಚಿತ್ರ ಬರೆದುಕೊಂಡಿದ್ದೆ.

ನಿಜವಾದ ಕಷ್ಟ ಬೇರೆ ಇತ್ತು. ಮೇಳದಲ್ಲಿ ನಾಲ್ಕು ಪಂಗಡ: ಟಾಪ್ ಟೆನರ್, ಸೆಕೆಂಡ್ ಟೆನರ್, ಬ್ಯಾರಿಟೋನ್, ಬೇಸ್. ಮೇಳದ ಗುರು ಪಿಯಾನೋದ ನಾಲ್ಕು ಮನೆ ಒತ್ತಿ, ನನ್ನಿಂದ ಹಾಡಿಸಿ, ಬ್ಯಾರಿಟೋನ್ ಎಂದು ಕೂರಿಸಿದರು. ಮಟ್ಟು ಸಾಮಾನ್ಯವಾಗಿ ಟೆನರ್‌ನವರ ಪಾಲು. ನಮಗೆ ಸಿಕ್ಕುವುದು ಅದರ ಕೆಳಗಿನ ಆಸರೆಯ ಸ್ವರಗಳು. ಒಂದೇ ಸ್ವರವನ್ನು ಆರೆಂಟು ಸಲ ಹೇಳಿ, ಅರ್ಧ ಮನೆ ಕೆಳಗಿಳಿದು, ಮತ್ತೆ ಅಲ್ಲೇ ಬಂದು ನಿಲ್ಲುವುದು. ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಿಡಿದು ಬೆಳೆದ ನನಗೆ, ಪಕ್ಕದವನು 'ಗ' ಹಾಡುವಾಗ ನಾನು 'ಸ'ದಲ್ಲೇ ನಿಲ್ಲುವುದು ಸಾಧ್ಯವೇ ಆಗುತ್ತಿರಲಿಲ್ಲ. ನೀರು ತಗ್ಗಿಗೆ ಹರಿದಂತೆ ನನ್ನ ದನಿ ಅವನ ಕಡೆಗೆ ಓಡಿಬಿಡುತ್ತಿತ್ತು. ಕಿವಿ ಮುಚ್ಚಿಕೊಂಡು ಹಾಡಿದರೆ ಶ್ರುತಿ ತಪ್ಪಿತು. ಸುಮಾರು ಮೂರು ತಿಂಗಳ ಮೇಲೆ ಒಂದು ಸಂಜೆ, ನಾಲ್ಕೂ ಪಂಗಡ ಒಟ್ಟಿಗೆ ಒಂದು ಸ್ತೋತ್ರದ ಕೊನೆ ಮುಟ್ಟಿದಾಗ, ನನ್ನ ಸ್ವರ ತನ್ನಷ್ಟಕ್ಕೆ ತಾನು ನಿಂತಿತು. ಸುತ್ತಲಿನ ಮೂರು ಸ್ವರ ಅದನ್ನು ಹಿಡಿದುಕೊಂಡಂತಿತ್ತು. ಹಲಗೆಯ ನೆಲ ಪಾದದಡಿ ಕಂಪಿಸಿತು. ನನಗೆ ಗಂಟಲು ಕಟ್ಟಿ ಮುಂದಿನ ಸಾಲು ಹಾಡಲಾಗಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ನನ್ನ ಎಡಕ್ಕೆ ನಿಲ್ಲುತ್ತಿದ್ದವನೇ ನನ್ನನ್ನು ಕರೆತಂದ ಗಣಿಗಾರ. ಅವನ ಎದೆಯೊಳಗೆ ಏನಿದೆ ಎಂಬುದು ನನಗೆ ಗೊತ್ತಿತ್ತು. ಹಗಲು ಎಕ್ಸ್‌ರೇ ಹಿಡಿದು ನೋಡುತ್ತಿದ್ದವನು ನಾನೇ. ನ್ಯುಮೋಕೋನಿಯೋಸಿಸ್, ಅಲ್ಲಿನವರ ಬಾಯಲ್ಲಿ ಬರೀ 'ಧೂಳು'. ಕಲ್ಲಿದ್ದಲ ಸಣ್ಣ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕಿಳಿದು ಗಂಟು ಕಟ್ಟುತ್ತದೆ. ಕೆಲವರಲ್ಲಿ, ಗಣಿ ಬಿಟ್ಟ ಮೇಲೂ ಅದು ಬೆಳೆಯುತ್ತ ಹೋಗುತ್ತದೆ. ಗುಣಪಡಿಸುವ ಮದ್ದಿಲ್ಲ. 1950ರ ದಶಕದಲ್ಲಿ ಆರ್ಚಿ ಕಾಕ್ರೇನ್ ಎಂಬ ವೈದ್ಯರು ಪಕ್ಕದ ರೊಂದಾ ಕಣಿವೆಯಲ್ಲಿ ಸಾವಿರಾರು ಜನರ ಎದೆಯ ಎಕ್ಸ್‌ರೇ ತೆಗೆಸಿ ಈ ರೋಗವನ್ನು ಅಭ್ಯಾಸ ಮಾಡಿದ್ದರು. ಅವನ್ನೆಲ್ಲ ಓದಿಕೊಂಡಿದ್ದ ನಾನು ಇವನಿಗೆ ಹೇಳಬಹುದಾಗಿದ್ದದ್ದು ಬಹಳ ಕಡಿಮೆ.

"ಹಾಡು ಬಿಡಬೇಕೇ ಡಾಕ್ಟರೇ?" ಎಂದು ಒಂದು ದಿನ ಕೇಳಿದ. ಬಿಡಬೇಕಿಲ್ಲ, ಕಷ್ಟವಾದಾಗ ನಿಲ್ಲಿಸಿ ಎಂದೆ. ಅದೇ ವಾರ ಗುರುಗಳು ನಮ್ಮ ಪಂಗಡದ ಉಸಿರಿನ ಸರದಿಯನ್ನು ಬದಲಿಸಿದರು. ಉದ್ದನೆಯ ಸ್ವರವನ್ನು ಯಾರೊಬ್ಬರೂ ಒಂದೇ ಉಸಿರಿನಲ್ಲಿ ಎಳೆಯಲಾರರು. ಹಾಗಾಗಿ ಮೇಳದವರು ಒಬ್ಬೊಬ್ಬರು ಒಂದೊಂದು ಕಡೆ ಸದ್ದಿಲ್ಲದೆ ಉಸಿರು ತೆಗೆದುಕೊಳ್ಳುತ್ತಾರೆ. ಕೇಳುವವರಿಗೆ ದನಿ ಎಲ್ಲೂ ಕಡಿದಂತೆ ತೋರುವುದಿಲ್ಲ. ಇನ್ನು ಮೇಲೆ ಅವನ ಎಡಬಲದ ನಾವಿಬ್ಬರು ಅವನು ಉಸಿರೆಳೆಯುವ ಕಡೆ ಎಳೆಯಬಾರದು, ಇಷ್ಟೇ ಅಪ್ಪಣೆ. ಕಾರಣ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವೈದ್ಯನಾಗಿ ನಾನು ಬಾಯಿ ಬಿಡುವಂತಿರಲಿಲ್ಲ. ಅವನ ಬಿಡುವುಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಹೋದವು. ಸ್ಟೆತಾಸ್ಕೋಪಿಗಿಂತ ಮೊದಲು ನನಗೆ ಗೊತ್ತಾಗುತ್ತಿದ್ದುದು ಅಲ್ಲಿಯೇ.

ಗಣಿಗಳೂ ಅದೇ ಕಾಲಕ್ಕೆ ಉಸಿರು ಬಿಡುತ್ತಿದ್ದವು. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಮುಷ್ಕರ ಸೋತ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ರೊಂದಾದ ಕೊನೆಯ ಗಣಿ ಮಾರ್ಡಿ ಮುಚ್ಚಿದ್ದು 1990ರ ಡಿಸೆಂಬರಿನಲ್ಲಿ. ಗೆಳೆಯ ತೀರಿಕೊಂಡದ್ದು ಅದರ ಮುಂದಿನ ಚಳಿಗಾಲ. ಕಣಿವೆಯ ಹಳೆಯ ಪದ್ಧತಿಯಂತೆ ಗುಡ್ಡದ ಮೇಲಿನ ಮಸಣಕ್ಕೆ ಹೋದವರು ಗಂಡಸರಷ್ಟೇ. ಹೆಂಗಸರು ಮನೆಯಲ್ಲುಳಿದರು. ಇದು ನನಗೆ ಆಗಲೂ ಸರಿ ಕಂಡಿರಲಿಲ್ಲ, ಹಾಗಂತ ಹೇಳುವ ಧೈರ್ಯವೂ ಆಗಲಿಲ್ಲ. ಅಡ್ಡಮಳೆ ಹೊಡೆಯುತ್ತಿತ್ತು. ಗುರುಗಳು ಸ್ವರ ಕೊಟ್ಟರು, ಅರವತ್ತು ಜನ ಟೋಪಿ ತೆಗೆದು ಹಾಡಿದೆವು. ಅಭ್ಯಾಸಬಲದಿಂದ ಅವನು ಉಸಿರೆಳೆಯುತ್ತಿದ್ದ ಕಡೆ ನಾನು ಎಳೆಯಲಿಲ್ಲ. ಆಚೆ ಬದಿಯವನೂ ಎಳೆಯಲಿಲ್ಲ. ಸಾಲು ಮುಗಿದಾಗ ಇಬ್ಬರಿಗೂ ಏದುಸಿರು ಬಂದಿತ್ತು.

ಈಗ ನಾನೂ ನಿವೃತ್ತ, ಎಪ್ಪತ್ತೈದು ದಾಟಿದೆ. ಮೇಳದಲ್ಲಿ ಉಳಿದವರು ಇಪ್ಪತ್ತೆಂಟು. ಅವರಲ್ಲಿ ಗಣಿಗಿಳಿದವರು ಮೂವರೇ. ಕೋವಿಡ್ ಬಂದ 2020ರಲ್ಲಿ ಕೂಡಿ ಹಾಡುವುದೇ ಅಪಾಯವೆಂದು ಅಭ್ಯಾಸ ನಿಂತಿತು. ಕಂಪ್ಯೂಟರಿನ ಪರದೆಯಲ್ಲಿ ಮುಖಗಳನ್ನು ಸಾಲಾಗಿ ಕೂರಿಸಿ ನೋಡಿದೆವು, ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ತಡವಾಗಿ ಎಲ್ಲ ಕಲಸಿಹೋಯಿತು. ಮತ್ತೆ ಹಾಲ್‌ನಲ್ಲಿ ಸೇರಿದಾಗ ಐದು ಕುರ್ಚಿ ಖಾಲಿ. ಹೊಸಬರು ಬರುವುದು ಅಪರೂಪ. ಬಂದವರಿಗೆ ಸಾಲ್‌ಫಾ ಗೊತ್ತಿಲ್ಲ, ಮೊಬೈಲಿನಲ್ಲಿ ಕೇಳಿ ಕಲಿಯುತ್ತಾರೆ. ಕಲಿಯುತ್ತಾರೆ ಅನ್ನುವುದೇ ದೊಡ್ಡದು.

ಹೋದ ತಿಂಗಳು ನನ್ನ ಎಡಕ್ಕೆ ಒಬ್ಬ ಹುಡುಗನನ್ನು ನಿಲ್ಲಿಸಿದ್ದಾರೆ. ಕಿವಿಯಲ್ಲಿ ಓಲೆ, ಲಾರಿ ಓಡಿಸುವ ಕೆಲಸ. ಕಳೆದ ಮಂಗಳವಾರ ಬಿಡುವಿನಲ್ಲಿ ಚಹಾ ಕುಡಿಯುವಾಗ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಡಾಕ್ಟರೇ, ಆ ಉದ್ದನೆಯ ಸಾಲಿನಲ್ಲಿ ನೀವು ಎಲ್ಲೆಲ್ಲಿ ಉಸಿರು ತಗೊಳ್ತೀರಿ? ಹೇಳಿದರೆ ನಾನು ಅಲ್ಲಿ ತಗೊಳ್ಳೋದಿಲ್ಲ." ಗುರುಗಳು ಹೇಳಿಕೊಟ್ಟು ಕಳಿಸಿದರೋ, ತಾನೇ ಗಮನಿಸಿದನೋ. ನಾನು ಪುಸ್ತಕ ತೆಗೆದು, ಕನ್ನಡ ಅಕ್ಷರಗಳ ನಡುವೆ ಪೆನ್ಸಿಲಿನಿಂದ ಗೀಟು ಹಾಕಿ ಜಾಗ ತೋರಿಸಿದೆ.