ಹರಿದ ಕೋನಿಗೆ ಕಾಗದದ ತೇಪೆ

1951ರ ಮಾರ್ಚ್ ತಿಂಗಳಲ್ಲಿ ಐಕ್ ಟರ್ನರ್ ಅವರ ವಾದ್ಯತಂಡ ಮಿಸಿಸಿಪಿಯಿಂದ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೋಗೆ ಧ್ವನಿಮುದ್ರಣಕ್ಕೆಂದು ಹೊರಟಿತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್ಲಿಫೈಯರ್ ಕೆಟ್ಟಿತು. ಕಾರಿನ ಮೇಲಿಂದ ಬಿತ್ತೆಂದು ಕೆಲವರು, ಮಳೆಗೆ ನೆನೆಯಿತೆಂದು ಕೆಲವರು ಹೇಳುತ್ತಾರೆ. ಅಂತೂ ಸ್ಪೀಕರಿನ ಕೋನ್ ಹಾಳಾಗಿತ್ತು, ದುರಸ್ತಿಗೆ ಪುರುಸೊತ್ತಿರಲಿಲ್ಲ. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಹಾಗೆಯೇ ನುಡಿಸಲು ಹೇಳಿದರು. ಆ ಒಡಕು ದನಿಯ ಹಾಡು ‘ರಾಕೆಟ್ 88’. ಮೊದಲ ರಾಕ್ ಅಂಡ್ ರೋಲ್ ಹಾಡು ಇದೇ ಎನ್ನುವವರು ಇಂದಿಗೂ ಇದ್ದಾರೆ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಇನ್ನೂ ಮುಂದೆ ಹೋಗಿ, ತಮ್ಮ ಪುಟ್ಟ ಆಂಪ್ಲಿಫೈಯರಿನ ಕೋನನ್ನು ಬ್ಲೇಡಿನಿಂದ ತಾವೇ ಸೀಳಿದರು.

ಅಂಥ ದನಿ ಬೇಕೆಂದು ಬಯಸುವವರು ಕೆಲವರೇ. ಉಳಿದವರಿಗೆ ಹರಿದ ಕೋನ್ ಎಂದರೆ ಸಂಕಟ. ಆ ಸಂಕಟವನ್ನು ಒಂದು ಚೂರು ಕಾಗದ, ಒಂದಿಷ್ಟು ಅಂಟಿನಿಂದ ನೀಗಿಸುವ ಕೆಲಸ ತೀರಾ ನಾಜೂಕಿನದು.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಸ್ಪೀಕರಿನ ರಚನೆ ಮೂಲತಃ ಇಂದಿಗೂ ಉಳಿದಿದೆ. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿ ಸುತ್ತಿದ ವಾಯ್ಸ್ ಕಾಯಿಲ್, ಅದಕ್ಕೆ ಅಂಟಿದ ಕಾಗದದ ಕೋನ್. ಕರೆಂಟು ಹರಿದಂತೆ ಕಾಯಿಲ್ ಹಿಂದೆ ಮುಂದೆ ಆಡುತ್ತದೆ, ಕೋನ್ ಗಾಳಿಯನ್ನು ನೂಕುತ್ತದೆ. ಗಿಟಾರಿನ ವಿಷಯದಲ್ಲಿ ಕಾಗದದ ಪಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಮೇಲಿನ ಸ್ವರಗಳಲ್ಲಿ ಕೋನ್ ಇಡಿಯಾಗಿ ಆಡದೆ ಭಾಗಭಾಗವಾಗಿ ಕಂಪಿಸಿ ತನ್ನದೇ ಬಣ್ಣವನ್ನು ಸೇರಿಸುತ್ತದೆ. ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ದನಿ ಬೇಗ ಕುಗ್ಗುವುದರಿಂದ ಕರ್ಕಶತೆಯೂ ಸೋಸಿಹೋಗುತ್ತದೆ. ವಾಕ್ಸ್ ಎಸಿ30ರ, ಮಾರ್ಷಲ್ ಕ್ಯಾಬಿನೆಟ್ಟಿನ 12 ಇಂಚಿನ ಹಳೆಯ ಸೆಲೆಸ್ಚನ್ ಸ್ಪೀಕರುಗಳನ್ನು ವಾದಕರು ಮೂಲ ಕೋನಿನೊಂದಿಗೇ ಉಳಿಸಿಕೊಳ್ಳಲು ಹೆಣಗುವುದು ಇದಕ್ಕೇ. ಕೋನ್ ಬದಲಾದರೆ ದನಿಯೂ ಬದಲಾಗುತ್ತದೆ.

ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅದನ್ನು ಮೀಟಿದಾಗ ‘ಬರ್ರ್’ ಎಂದರೆ ಕೋನ್ ಹರಿದಿರಬಹುದು. ನೋಡುವ ಮೊದಲು ಪ್ಲಗ್ ಕೀಳಿ. ವಾಲ್ವ್ ಆಂಪ್ಲಿಫೈಯರಿನೊಳಗೆ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅದರ ಒಳಗೆ ಕೈಹಾಕುವುದು ಬಲ್ಲವರ ಕೆಲಸ. ಸ್ಪೀಕರ್ ಕಳಚಿಟ್ಟು ಆಂಪ್ಲಿಫೈಯರನ್ನು ಚಾಲೂ ಮಾಡಲೂಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ತಿರುಪು ಬಿಚ್ಚುವಾಗ ಸ್ಕ್ರೂಡ್ರೈವರನ್ನು ಅಯಸ್ಕಾಂತ ಸರ್ರನೆ ಎಳೆದುಕೊಳ್ಳುತ್ತದೆ. ಒಂದು ಸೀಳು ಸರಿಮಾಡಲು ಹೋಗಿ ಇನ್ನೊಂದು ಮಾಡಿಕೊಳ್ಳುವುದು ಇಲ್ಲಿಯೇ.

ಬಿಚ್ಚಿದ ಸ್ಪೀಕರನ್ನು ಅಂಗಾತ ಇಟ್ಟು, ಎರಡೂ ಕೈಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ಬಿಡಬೇಕು. ಒಳಗೆ ಕೆರೆದ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಅದಕ್ಕೆ ಯಾವ ತೇಪೆಯೂ ಮದ್ದಲ್ಲ. ಕೋನ್, ಕಾಯಿಲ್, ಕಾಯಿಲನ್ನು ಸಂದಿಯ ನಡುವೆ ಹಿಡಿದಿಡುವ ಸ್ಪೈಡರ್ ಮೂರನ್ನೂ ತೆಗೆದು ಹೊಸದು ಕೂರಿಸಬೇಕು.

ಸದ್ದಿಲ್ಲದೆ ಆಡಿದರೆ ತೇಪೆಗೆ ಅವಕಾಶವಿದೆ. ಟೀ ಬ್ಯಾಗಿನ ಕಾಗದ, ಕಾಫಿ ಸೋಸುವ ಕಾಗದ, ಟಿಶ್ಯೂ, ಇಂಥ ಉದ್ದ ನಾರಿನ ತೆಳು ಕಾಗದ ಸಾಕು. ಅದನ್ನು ಕತ್ತರಿಸಬಾರದು, ಕೈಯಿಂದ ಹರಿಯಬೇಕು. ಕತ್ತರಿಸಿದ ನೇರ ಅಂಚು ಕೋನಿನ ಮೇಲೆ ಗಡುಸಾದ ಗೆರೆಯಾಗಿ ನಿಲ್ಲುತ್ತದೆ; ಹರಿದ ಅಂಚಿನ ನಾರುಗಳು ಕೋನಿನ ಕಾಗದದಲ್ಲಿ ಬೆರೆತುಹೋಗುತ್ತವೆ. ಸೀಳಿನ ಎರಡೂ ತುಟಿಗಳನ್ನು ಮೊದಲಿದ್ದಂತೆ ಜೋಡಿಸಿ, ಫೆವಿಕಾಲಿನಂಥ ಬಿಳಿ ಅಂಟಿಗೆ ತುಸು ನೀರು ಬೆರೆಸಿ, ಸಣ್ಣ ಬ್ರಷ್ಷಿನಿಂದ ತೆಳ್ಳಗೆ ಸವರಿ ಕಾಗದ ಕೂರಿಸಬೇಕು. ಕೈಗೆಟುಕಿದರೆ ಹಿಂಬದಿಗೂ ಒಂದು ತೇಪೆ. ಆಮೇಲೆ ಒಂದು ದಿನ ಮುಟ್ಟದೆ ಒಣಗಲು ಬಿಡಬೇಕು. ಕೋನಿನ ಹೊರ ಅಂಚಿನ ಮಡಿಕೆಗಳು ಸದಾ ಬಾಗುವ ಜಾಗ. ಅಲ್ಲಿ ಒಣಗಿ ಗಟ್ಟಿಯಾಗುವ ಅಂಟು ಬಿರಿಯುತ್ತದೆ, ಪಂಕ್ಚರ್ ಅಂಗಡಿಯ ಸಲ್ಯೂಷನ್ನಿನಂಥ ಬಾಗುವ ಅಂಟು ಬೇಕು. ಸೂಪರ್ ಗ್ಲೂ ಕೋನಿನ ಯಾವ ಭಾಗಕ್ಕೂ ಸಲ್ಲದು: ಕಲ್ಲಿನಂತಾಗುತ್ತದೆ, ಅದರ ಪಕ್ಕದಲ್ಲೇ ಹೊಸ ಸೀಳು ಏಳುತ್ತದೆ. ಸೆಲ್ಲೋ ಟೇಪು ಅಂಟಿಸುವುದೂ ಬೇಡ. ಕಳಚಿಕೊಂಡು ಅದೇ ಬರ್ರೆನ್ನುತ್ತದೆ.

ಈ ಕೆಲಸದ ಜಾಣತನವೆಲ್ಲ ಎಷ್ಟು ಕಡಿಮೆ ಸೇರಿಸಿದಿರಿ ಎಂಬುದರಲ್ಲಿದೆ. ತೂಕ ಹೆಚ್ಚಿದಷ್ಟೂ ಕೋನ್ ಜಡವಾಗುತ್ತದೆ. ಚಿಕ್ಕ ಸೀಳಿಗೆ ಅಂಗೈಯಗಲದ ತೇಪೆ ಮೆತ್ತಿದವರು ದುರಸ್ತಿ ಮಾಡಲಿಲ್ಲ, ದನಿಯನ್ನು ಕೆಡಿಸಿದರು ಅಷ್ಟೆ.

ಮೈಕ್ ಸೆಟ್ಟು, ಆರ್ಕೆಸ್ಟ್ರಾಗಳ ಸ್ಪೀಕರ್ ದುರಸ್ತಿ ಮಾಡುವ ಕುಶಲಿಗಳು ನಮ್ಮ ಊರುಗಳಲ್ಲೂ ಇದ್ದಾರೆ. ಆದರೆ ಮೈಕ್ ಸೆಟ್ಟಿನ ಕೋನ್ ಅಳತೆಗೆ ಹೊಂದಿದರೂ ಗಿಟಾರಿನ ದನಿಗೆ ಹೊಂದಬೇಕೆಂದಿಲ್ಲ. ನಿಮ್ಮ ಕ್ಯಾಬಿನೆಟ್ಟಿನ ಸ್ಪೀಕರ್ ಹರಿದಿದ್ದರೆ, ‘ಕೋನ್ ಬದಲಿಸಿಕೊಡಿ’ ಎನ್ನುವ ಮೊದಲು ‘ತೇಪೆ ಹಾಕಲು ಬರುತ್ತದೆಯೇ’ ಎಂದು ಕೇಳಿ.